ನಾಲ್ಕು ಹೆಜ್ಜೆಯ ದಿಣ್ಣೆ, ಎರಡು ಜಾತಿಯ ಮೀನು

ಸಕಲೇಶಪುರದಿಂದ ಬಿಸಿಲೆ ಕಡೆ ಹೋಗುವಾಗ ಮಂಕನಹಳ್ಳಿಯಲ್ಲಿ ಒಂದು ದಿಣ್ಣೆ ಸಿಗುತ್ತದೆ. ಅದರ ಪಡುವಣಕ್ಕೆ ಬಿದ್ದ ಮಳೆ ಕುಮಾರಧಾರೆ, ನೇತ್ರಾವತಿ ಹಿಡಿದು ಅರಬ್ಬೀ ಸಮುದ್ರ ಸೇರುತ್ತದೆ. ಮೂಡಣಕ್ಕೆ ಬಿದ್ದದ್ದು ಹೇಮಾವತಿ, ಕಾವೇರಿ ಹಾದು ಬಂಗಾಳ ಕೊಲ್ಲಿಗೆ. ನಮಗೆ ನಾಲ್ಕು ಹೆಜ್ಜೆ. ಸಿಹಿನೀರಿನ ಮೀನಿಗೆ ದಾಟಲಾಗದ ಗೋಡೆ. ಸಮುದ್ರ ಸುತ್ತಿಕೊಂಡು ಹೋಗೋಣವೆಂದರೆ ಉಪ್ಪು ಬಿಡುವುದಿಲ್ಲ.

ಕಾವೇರಿ ಸೀಮೆಯಲ್ಲಿ ಡಾಕಿನ್ಸಿಯಾ ಅರುಲಿಯಸ್ ಅಂತ ಒಂದು ಮೀನಿದೆ. ಮಂಗಳೂರು ಕಡೆಯ ಹೊಳೆಗಳಲ್ಲಿ ಇರುವುದು ಡಾಕಿನ್ಸಿಯಾ ಅಸಿಮಿಲಿಸ್. ಎರಡೂ ಅಂಗೈಯಲ್ಲಿ ಹಿಡಿಸುತ್ತವೆ. ಬಲಿತ ಗಂಡಿನ ಬೆನ್ನಿನ ರೆಕ್ಕೆಯಿಂದ ದಾರದಂಥ ಎಳೆಗಳು ಇಳಿಬಿದ್ದಿರುತ್ತವೆ. ಮೈಮೇಲಿನ ಕಪ್ಪು ಮಚ್ಚೆ ಮಾತ್ರ ಬೇರೆ ಬೇರೆ. ಬಳಗ ಒಂದೇ, ಜಾತಿ ಎರಡು. ಜೆರ್ಡನ್ ಎಂಬ ಡಾಕ್ಟರ್ 1849ರಲ್ಲೇ ಇವೆರಡನ್ನೂ ವಿವರಿಸಿದ್ದರು. ಬಳಗಕ್ಕೆ ವಿಕಾಸದ ಪಾಠ ಹೇಳುವ ರಿಚರ್ಡ್ ಡಾಕಿನ್ಸ್ ಹೆಸರು ಬಂದದ್ದು 2012ರಲ್ಲಿ. ಎಷ್ಟು ಸರಿಯಾದ ಹೆಸರು, ಅಲ್ವಾ!

‘ನೀರಿಗೆ ತಕ್ಕಂತೆ ಮೀನು ತಾನೇ ಬದಲಾಯ್ತು’ ಅಂತ ಜನ ಹೇಳುತ್ತಾರೆ. ಅದು ತಪ್ಪು. ಯಾವ ಮೀನೂ ಬಯಸಿ ಬದಲಾಗುವುದಿಲ್ಲ. ಮೊಸರಿನ ಹೆಪ್ಪು ನೆನೆಸಿಕೊಳ್ಳಿ. ತವರಿನ ಹೆಪ್ಪನ್ನು ಅಕ್ಕ ಒಂದೂರಿಗೆ, ತಂಗಿ ಇನ್ನೊಂದೂರಿಗೆ ಒಯ್ದರು. ದಿನಾ ಹೆಪ್ಪು ಹಾಕುತ್ತಾ ಹಾಕುತ್ತಾ ಅಲ್ಲೊಂದು ರುಚಿ, ಇಲ್ಲೊಂದು ರುಚಿ ನಿಲ್ಲುತ್ತದೆ. ಯಾರೂ ಬೇಕೆಂದು ಮಾಡಿದ್ದಲ್ಲ. ವಾರಕ್ಕೊಮ್ಮೆ ಹೆಪ್ಪು ಅದಲುಬದಲು ಮಾಡಿಕೊಂಡಿದ್ದರೆ ಎರಡೂ ಮನೆಯ ಮೊಸರು ಒಂದೇ ಥರ ಇರುತ್ತಿತ್ತು. ಮೀನಿನಲ್ಲಿ ಆ ಹೆಪ್ಪು ಅಂದರೆ ಜೀನ್. ತಲೆಮಾರಿನಿಂದ ತಲೆಮಾರಿಗೆ ಅದರಲ್ಲಿ ಸಣ್ಣ ಸಣ್ಣ ತಪ್ಪುಗಳು ಸೇರುತ್ತವೆ. ಕೆಲವು ಸುಮ್ನೆ ಉಳಿದುಬಿಡುತ್ತವೆ. ಕೆಲವು ಆ ಹೊಳೆಯಲ್ಲಿ ಬದುಕಲು ಒದಗುತ್ತವೆ, ಅಂಥವುಗಳ ಮರಿ ಜಾಸ್ತಿಯಾಗುತ್ತದೆ. ಗುಡ್ಡ ಮಾಡುವ ಕೆಲಸ ಒಂದೇ, ಅದಲುಬದಲು ನಿಲ್ಲಿಸುವುದು. ಸಾವಿರಾರು ತಲೆಮಾರು ಕಳೆದ ಮೇಲೆ ಇಬ್ಬರನ್ನೂ ಒಂದೇ ಮಡುವಿಗೆ ಬಿಟ್ಟರೂ ಜೋಡಿ ಕೂಡದೇ ಹೋಗಬಹುದು.

ಭೂಮಿಯ ಮೀನಿನ ಜಾತಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಇರುವುದು ಸಿಹಿನೀರಿನಲ್ಲಿ. ಕೆರೆ, ಹೊಳೆಗಳ ನೀರೋ, ಒಟ್ಟು ನೀರಿನಲ್ಲಿ ಲೆಕ್ಕಕ್ಕೂ ಸಿಗದಷ್ಟು. ಕಡಲು ಒಂದೇ ಬಯಲು, ಹೊಳೆಗಳು ಬೇಲಿ ಹಾಕಿದ ಹಿತ್ತಿಲುಗಳು.

ಗುಡ್ಡವೂ ಶಾಶ್ವತವಲ್ಲ. ಪಡುವಣದ ಕಡಿದಾದ ಹಳ್ಳ ಹಿಂದಕ್ಕೆ ಕೊರೆಯುತ್ತಾ ಬಂದು ಮೂಡಣದ ಹಳ್ಳದ ನೆತ್ತಿಯನ್ನೇ ಕದಿಯುವುದುಂಟು. ಮೀನೂ ಅದರ ಜೊತೆ ದಾಟುತ್ತದೆ. ಅದಕ್ಕೆ ಯುಗಗಳೇ ಬೇಕು. ಈಗ ಇದೇ ತಾಲ್ಲೂಕಿನ ಎತ್ತಿನಹೊಳೆಯಿಂದ ಪಂಪು ನೀರನ್ನು ಎತ್ತಿ ದಿಣ್ಣೆ ದಾಟಿಸುತ್ತಿದೆ. 24.01 ಟಿಎಂಸಿಯ ಯೋಜನೆ. ಮೊದಲ ಹಂತ ಶುರುವಾದದ್ದು 2024ರ ಸೆಪ್ಟೆಂಬರಿನಲ್ಲಿ. ಬಯಲುಸೀಮೆಗೆ ಕುಡಿಯುವ ನೀರು ಬೇಕು, ನಿಜ. ಆದರೆ ಆ ನೀರಿನಲ್ಲಿ ಯಾವ ಮೊಟ್ಟೆ, ಯಾವ ಮರಿ ಆಚೆಗೆ ಹೋಗುತ್ತಿದೆ ಅಂತ ಪ್ರತಿ ಮಳೆಗಾಲ ಸಣ್ಣ ಕಣ್ಣಿನ ಬಲೆ ಹಾಕಿ ನೋಡಬೇಕು.