ಬಿಸ್ಕತ್ ಕಂಡರೆ ಮಾತ್ರ ಮಾತು ಕೇಳುವ ನಾಯಿ

ಪ್ರಶ್ನೆ: ಬೀದಿಯಿಂದ ತಂದು ಸಾಕಿದ ನಮ್ಮ ಚುಕ್ಕಿಗೆ ಈಗ 2 ವರ್ಷ. ಬಿಸ್ಕತ್ ಕೊಟ್ಟು ‘ಸಿಟ್’, ‘ಬಾ’ ಎರಡನ್ನೂ ಕಲಿಸಿದ್ದೇವೆ. ಕೈಯಲ್ಲಿ ಬಿಸ್ಕತ್ ಇದ್ದರೆ ಹೇಳುವ ಮೊದಲೇ ಕೂತಿರುತ್ತಾಳೆ. ಇಲ್ಲದಿದ್ದರೆ ಒಮ್ಮೆ ಕೈ ನೋಡಿ, ಒಮ್ಮೆ ಮುಖ ನೋಡಿ, ಹೊರಟುಹೋಗುತ್ತಾಳೆ. ತಿಂಡಿ ಕೊಟ್ಟು ಕಲಿಸಿದ್ದೇ ತಪ್ಪಾಯ್ತಾ? ‘ಎರಡು ಏಟು ಬಿದ್ದರೆ ಸರಿಹೋಗ್ತಾಳೆ’ ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಚುಕ್ಕಿಗೆ ಶೇಕ್ ಹ್ಯಾಂಡ್ ಕಲಿಸಬೇಕು ಅಂತ ಮಗಳಿಗೆ ಆಸೆ, ಅದನ್ನೂ ತಿಳಿಸಿ.

ಉತ್ತರ: ತಿಂಡಿ ಕೊಟ್ಟಿದ್ದು ತಪ್ಪಲ್ಲ. ಮೊದಲೇ ತೋರಿಸಿ ಕೊಡುತ್ತಿರುವುದು ತಪ್ಪು. ಕೆಲಸ ಆಗುವ ಮೊದಲೇ ನೋಟು ತೋರಿಸಿದರೆ ಅದು ಲಂಚ, ಕೆಲಸ ಆದ ಮೇಲೆ ಕೊಟ್ಟರೆ ಸಂಬಳ. ಎರಡೂ ಕಡೆ ದುಡ್ಡು ಅದೇ, ಆದರೆ ಅಭ್ಯಾಸ ಬೇರೆ. ಚುಕ್ಕಿಗೆ ಇಷ್ಟು ದಿನ ಸಿಕ್ಕಿದ್ದು ಲಂಚ. ಅದನ್ನು ಸಂಬಳ ಮಾಡಿದರೆ ನಿಮ್ಮ ತೊಂದರೆ ಬಹುಪಾಲು ಮುಗಿಯುತ್ತದೆ. ಏಟಿನ ಅಗತ್ಯ ಖಂಡಿತ ಇಲ್ಲ.

ಇವತ್ತು ಸಂಜೆ ಒಂದು ಸಣ್ಣ ಪರೀಕ್ಷೆ ಮಾಡಿ. ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಳ್ಳಿ. ತಲೆ, ಭುಜ ಯಾವುದನ್ನೂ ಅಲುಗಿಸಬೇಡಿ. ಮಾಮೂಲಿ ದನಿಯಲ್ಲಿ ಒಂದೇ ಸಲ ‘ಸಿಟ್’ ಅನ್ನಿ. ಹೆಚ್ಚಿನ ನಾಯಿಗಳು ಸುಮ್ನೆ ನಿಂತು ನೋಡುತ್ತವೆ. ಹಟ ಅಂದುಕೊಳ್ಳಬೇಡಿ, ಆ ಪದ ಅವಕ್ಕೆ ಇನ್ನೂ ಗೊತ್ತೇ ಇಲ್ಲ. ಅವು ಕಲಿತಿರುವುದು ನಮ್ಮ ಕೈ ಜೇಬಿಗೆ ಹೋಗುವುದನ್ನು, ಪ್ಯಾಕೆಟ್ಟಿನ ಚರಚರ ಸದ್ದನ್ನು, ನಾವು ಸ್ವಲ್ಪ ಮುಂದಕ್ಕೆ ಬಾಗುವುದನ್ನು.

ಸುಮಾರು 120 ವರ್ಷದ ಹಿಂದೆ ಜರ್ಮನಿಯ ಬರ್ಲಿನ್‌ನಲ್ಲಿ ಹಾನ್ಸ್ ಅನ್ನುವ ಕುದುರೆ ಹೀಗೇ ದೊಡ್ಡ ಹೆಸರು ಮಾಡಿತ್ತು. ಲೆಕ್ಕ ಕೇಳಿದರೆ ಗೊರಸು ಬಡಿದು ಉತ್ತರ ಹೇಳುತ್ತಿತ್ತು. 1907ರಲ್ಲಿ ಆಸ್ಕರ್ ಫಂಗ್‌ಸ್ಟ್ ಎಂಬ ಮನಶ್ಶಾಸ್ತ್ರಜ್ಞ ಕೂತು ಪರೀಕ್ಷಿಸಿದಾಗ ಗುಟ್ಟು ಸಿಕ್ಕಿತು. ಸರಿ ಉತ್ತರ ಹತ್ತಿರ ಬಂದಾಗ ಕೇಳುವವರ ತಲೆ ತಮಗೇ ಗೊತ್ತಿಲ್ಲದೆ ಒಂಚೂರು ಅಲುಗುತ್ತಿತ್ತು. ಕುದುರೆ ಅದನ್ನು ನೋಡಿ ಬಡಿಯುವುದು ನಿಲ್ಲಿಸುತ್ತಿತ್ತು. ಉತ್ತರ ಗೊತ್ತಿಲ್ಲದವರು ಪ್ರಶ್ನೆ ಕೇಳಿದರೆ ಹಾನ್ಸ್‌ಗೂ ಉತ್ತರ ಬರುತ್ತಿರಲಿಲ್ಲ. ಮೈಯ ಅಷ್ಟು ಸಣ್ಣ ಚಲನೆಯನ್ನು ಕುದುರೆ ಓದುತ್ತದೆ ಅಂದರೆ, ದಿನವಿಡೀ ನಮ್ಮ ಕಾಲ ಬಳಿಯೇ ಇರುವ ನಾಯಿಗೆ ಕೈಯಲ್ಲಿ ಬಿಸ್ಕತ್ ಇದೆಯೋ ಇಲ್ಲವೋ ಗೊತ್ತಾಗಲ್ವಾ?

ಈಗ ಸರಿ ಮಾಡುವುದು ಹೇಗೆ ಅಂತ ನೋಡೋಣ. ತಿಂಡಿಯನ್ನು ಕಡಲೆಕಾಳಿನಷ್ಟು ಚಿಕ್ಕದಾಗಿ ತುಂಡು ಮಾಡಿ ಒಂದು ಬಟ್ಟಲಿಗೆ ಹಾಕಿ, ಹಿಂದಿನ ಟೇಬಲ್ ಮೇಲಿಡಿ. ಮೊದಲ ಮೂರು ಸಲ ಮಾತ್ರ ತುಂಡನ್ನು ಬೆರಳಲ್ಲಿ ಹಿಡಿದು, ಚುಕ್ಕಿಯ ಮೂಗಿನ ಹತ್ತಿರ ತಂದು, ನಿಧಾನವಾಗಿ ತಲೆಯ ಮೇಲಿಂದ ಹಿಂದಕ್ಕೆ ಸರಿಸಿ. ಮೂಗು ಮೇಲೆ ಹೋದಂತೆ ಹಿಂಭಾಗ ತಾನಾಗಿ ಕೆಳಗೆ ಬರುತ್ತದೆ. ಕೂತಳಾ, ಕೊಡಿ. ನಾಲ್ಕನೇ ಸಲ ಕೈ ಖಾಲಿ ಇರಲಿ. ಬೆರಳು ಮಾತ್ರ ತುಂಡು ಹಿಡಿದಂತೆಯೇ ಇರಲಿ, ಕೈ ಅದೇ ದಾರಿಯಲ್ಲಿ ಹೋಗಲಿ. ಮೂಗು ಕೈಯನ್ನು ಹಿಂಬಾಲಿಸುತ್ತದೆ, ಅವಳು ಕೂರುತ್ತಾಳೆ. ಕೂತ ಕ್ಷಣವೇ ‘ಎಸ್’ ಅನ್ನಿ. ಆಮೇಲೆ ಹಿಂದಿನ ಬಟ್ಟಲಿಂದ, ಇನ್ನೊಂದು ಕೈಯಲ್ಲಿ ತೆಗೆದು ಕೊಡಿ.

ಈ ನಾಲ್ಕನೇ ಸಲವೇ ಇಡೀ ಪಾಠದ ಮುಖ್ಯ ಭಾಗ. ಕೈ ಖಾಲಿ ಇದ್ದರೂ ಕೂತರೆ ಎಲ್ಲಿಂದಲೋ ತಿಂಡಿ ಬರುತ್ತದೆ ಅಂತ ಅವಳಿಗೆ ಮೊದಲ ಸಲ ಗೊತ್ತಾಗುವುದು ಇಲ್ಲೇ. ಕೊಡುವಾಗ ಕೈ ತಗ್ಗಿಸಿ, ಅವಳು ಕೂತಿರುವ ಹಾಗೆಯೇ ಬಾಯಿಗೆ ಕೊಡಿ. ಮೇಲೆ ಹಿಡಿದರೆ ಎದ್ದು ಹಾರುತ್ತಾಳೆ, ಆಗ ಹಾರಿದ್ದಕ್ಕೆ ಸಂಬಳ ಕೊಟ್ಟಂತೆ ಆಗುತ್ತದೆ.

ಖಾಲಿ ಕೈಗೆ ಹತ್ತಕ್ಕೆ ಎಂಟು ಸಲವಾದರೂ ಕೂತಳು ಅಂದಮೇಲೆ ಪದ ಸೇರಿಸಿ. ಮೊದಲು ‘ಸಿಟ್’ ಅನ್ನಿ, ಒಂದು ಕ್ಷಣ ಬಿಟ್ಟು ಕೈ ಆಡಿಸಿ. ಪದ ಮತ್ತು ಕೈ ಒಟ್ಟಿಗೇ ಬಂದರೆ ಅವಳ ಗಮನ ಕೈಗೇ ಹೋಗುತ್ತದೆ. ಒಂದೆರಡು ದಿನ ಹೀಗೆ ಮಾಡಿ ಕೈ ಆಡಿಸುವುದನ್ನು ಚಿಕ್ಕದು ಮಾಡುತ್ತಾ ಬನ್ನಿ. ಒಂದು ದಿನ ಪದ ಕೇಳಿ, ಕೈ ಏಳುವ ಮೊದಲೇ ಕೂರುತ್ತಾಳೆ. ಅವತ್ತು ನಾಲ್ಕೈದು ತುಂಡು ಒಂದರ ಹಿಂದೆ ಒಂದು ಕೊಟ್ಟು ಪಾಠ ಅಲ್ಲಿಗೇ ನಿಲ್ಲಿಸಿ. ಒಂದು ಪಾಠ ಮೂರರಿಂದ ಐದು ನಿಮಿಷ ಸಾಕು. ದಿನಕ್ಕೆ ಎರಡು ಮೂರು ಸಲ, ಹೊಟ್ಟೆ ಸ್ವಲ್ಪ ಖಾಲಿ ಇರುವಾಗ ಮಾಡಿ.

‘ಎಸ್’ ಯಾಕೆ ಬೇಕು ಅಂತ ಅನ್ನಿಸಬಹುದು. 1960ರ ದಶಕದಲ್ಲಿ ಹವಾಯಿಯಲ್ಲಿ ಕ್ಯಾರೆನ್ ಪ್ರಯರ್ ಅನ್ನುವವರು ಡಾಲ್ಫಿನ್‌ಗಳಿಗೆ ಆಟ ಕಲಿಸುತ್ತಿದ್ದರು. ನೀರಿನಿಂದ ಮೇಲಕ್ಕೆ ನೆಗೆದ ಡಾಲ್ಫಿನ್‌ಗೆ ಗಾಳಿಯಲ್ಲೇ ಮೀನು ಕೊಡಲು ಆಗುವುದಿಲ್ಲ. ಅದಕ್ಕೆ ನೆಗೆತ ಸರಿಯಾದ ಆ ಕ್ಷಣದಲ್ಲಿ ಸೀಟಿ ಊದುತ್ತಿದ್ದರು, ಮೀನು ಆಮೇಲೆ. ‘ಇದಕ್ಕೇ ಸಿಕ್ಕಿದ್ದು’ ಅಂತ ಸೀಟಿ ಹೇಳುತ್ತಿತ್ತು. ನಾಯಿ ಕಲಿಸುವವರು ಕೈಯಲ್ಲಿ ಹಿಡಿದು ‘ಕ್ಲಿಕ್’ ಅನ್ನಿಸುವ ಪುಟ್ಟ ಡಬ್ಬಿ ಮಾಡುವುದೂ ಇದೇ ಕೆಲಸ. ಡಬ್ಬಿ ಇಲ್ಲದಿದ್ದರೆ ಒಂದು ಚಿಕ್ಕ ಪದ ಸಾಕು. ನಮ್ಮಲ್ಲಿ ತಪ್ಪುವುದು ಹೆಚ್ಚಾಗಿ ಇಲ್ಲೇ. ನಾಯಿ ಕೂರುತ್ತದೆ, ನಾವು ಡಬ್ಬದ ಮುಚ್ಚಳ ತಿರುಗಿಸುತ್ತೇವೆ, ಅಷ್ಟರಲ್ಲಿ ಅದು ಎದ್ದು ಬಾಲ ಅಲ್ಲಾಡಿಸುತ್ತಾ ಬರುತ್ತದೆ, ಬಾಯಿಗೆ ಬಿಸ್ಕತ್ ಬೀಳುತ್ತದೆ. ಅದರ ಲೆಕ್ಕದಲ್ಲಿ ಬಿಸ್ಕತ್ ಸಿಕ್ಕಿದ್ದು ಎದ್ದು ಬಂದಿದ್ದಕ್ಕೆ.

ಇನ್ನೊಂದು ಮಾತು, ಇದು ನಮ್ಮ ಕನ್ನಡದ ಮನೆಗಳಲ್ಲೇ ಜಾಸ್ತಿ ನೋಡಿದ್ದೇನೆ. ಮಗ ‘ಸಿಟ್’ ಅನ್ನುತ್ತಾನೆ. ಅಮ್ಮ ‘ಕೂತ್ಕೋ ಬಂಗಾರಿ’ ಅನ್ನುತ್ತಾರೆ. ಅಪ್ಪ ‘ಏಯ್ ಕೂರು’. ಹುಬ್ಬಳ್ಳಿ ಕಡೆಯ ಅಜ್ಜಿ ಇದ್ದರೆ ‘ಕುಂದ್ರು’. ನಮಗೆ ನಾಲ್ಕೂ ಒಂದೇ, ನಾಯಿಗೆ ನಾಲ್ಕು ಬೇರೆ ಬೇರೆ ಸದ್ದು. ಯಾವ ಪದ ಬೇಕಾದರೂ ಇಟ್ಟುಕೊಳ್ಳಿ, ಕನ್ನಡವೇ ಇರಲಿ, ಚಂದ. ಆದರೆ ಎಲ್ಲರ ಬಾಯಲ್ಲೂ ಅದೊಂದೇ ಬರಲಿ. ಒಂದು ಹಾಳೆಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿದರೆ ಮನೆಯವರಿಗೆಲ್ಲ ನೆನಪಿರುತ್ತದೆ. ಮತ್ತೆ, ಒಂದು ಸಲ ಹೇಳಿ ಕಾಯಿರಿ. ‘ಸಿಟ್, ಸಿಟ್, ಸಿಟ್’ ಅಂತ ಹೇಳುತ್ತಾ ಹೋದರೆ ಮೂರನೇ ಸಲಕ್ಕೆ ಕೂರಬೇಕು ಅಂತ ಕಲಿಯುತ್ತದೆ.

ಹಾಲ್‌ನಲ್ಲಿ ಕಲಿತದ್ದು ರಸ್ತೆಗೆ ತಾನಾಗಿ ಬರುವುದಿಲ್ಲ, ಅದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಹಾಲ್ ಆದಮೇಲೆ ಅಡುಗೆಮನೆ ಬಾಗಿಲು, ಆಮೇಲೆ ಟೆರೇಸ್, ಆಮೇಲೆ ಗೇಟಿನ ಒಳಗೆ, ಕೊನೆಗೆ ರಸ್ತೆ. ಪ್ರತಿ ಹೊಸ ಜಾಗದಲ್ಲೂ ಪಾಠವನ್ನು ಎರಡು ಹಂತ ಹಿಂದಿನಿಂದ ಶುರು ಮಾಡಿ. ರಸ್ತೆಯಲ್ಲಿ ಬೇರೆ ನಾಯಿಗಳ ವಾಸನೆ, ಹಸು, ಸ್ಕೂಟರ್ ಎಲ್ಲ ಇರುತ್ತವೆ. ಅಲ್ಲಿ ಮಾತು ಕೇಳುವುದು ಕಷ್ಟದ ಕೆಲಸ. ಕಷ್ಟದ ಕೆಲಸಕ್ಕೆ ಸಂಬಳವೂ ಜಾಸ್ತಿ ಇರಬೇಕು ಅಲ್ವಾ? ಮನೆಯಲ್ಲಿ ಕ್ಯಾರೆಟ್ ಸಾಕು, ಹೊರಗೆ ಬೇಯಿಸಿದ ಕೋಳಿಯೋ ಪನೀರೋ ತೆಗೆದುಕೊಂಡು ಹೋಗಿ.

ತಿಂಡಿಯ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ಗ್ಲೂಕೋಸ್ ಬಿಸ್ಕತ್ ಬಿಟ್ಟುಬಿಡಿ, ಅದರಲ್ಲಿ ಇರುವುದು ಮೈದಾ ಮತ್ತು ಸಕ್ಕರೆ. ಬೇಯಿಸಿದ ಮೊಟ್ಟೆ, ಕೋಳಿ, ಸಿಹಿಗೆಣಸು, ಬೀಜ ತೆಗೆದ ಸೇಬು ಇವೆಲ್ಲ ಆಗುತ್ತವೆ, ಉಪ್ಪು ಮಸಾಲೆ ಬೇಡ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಈರುಳ್ಳಿ, ಬೆಳ್ಳುಳ್ಳಿ ಕೊಡಲೇಬಾರದು, ಅವು ನಾಯಿಗೆ ವಿಷ. ಪಾಠದ ತಿಂಡಿ ದಿನದ ಆಹಾರದ ನೂರಕ್ಕೆ 10 ಭಾಗ ದಾಟದಿರಲಿ ಅಂತ ಪಶುವೈದ್ಯರು ಹೇಳುತ್ತಾರೆ. ಊಟದ ಒಂದು ಪಾಲನ್ನೇ ಎತ್ತಿಟ್ಟು ಪಾಠಕ್ಕೆ ಬಳಸಿದರೆ ಇನ್ನೂ ಒಳ್ಳೆಯದು.

ಹಾಗಾದರೆ ಜೀವನಪೂರ್ತಿ ತಿಂಡಿ ಹಿಡಿದುಕೊಂಡೇ ಓಡಾಡಬೇಕಾ? ಬೇಡ. ಪದ ಚೆನ್ನಾಗಿ ಗಟ್ಟಿಯಾದ ಮೇಲೆ ಎರಡು ಸಲಕ್ಕೊಮ್ಮೆ ಕೊಡಿ, ಆಮೇಲೆ ಐದು ಸಲಕ್ಕೊಮ್ಮೆ, ಮತ್ತೆ ಒಮ್ಮೆ ಮೊದಲ ಸಲಕ್ಕೇ. ಯಾವಾಗ ಸಿಗುತ್ತದೆ ಅಂತ ಗೊತ್ತಿಲ್ಲದಿದ್ದರೆ ನಾಯಿ ಬಿಡದೆ ಪ್ರಯತ್ನ ಮಾಡುತ್ತದೆ. ಆದರೆ ಪೂರ್ತಿ ನಿಲ್ಲಿಸಬೇಡಿ, ನಿಲ್ಲಿಸಿದರೆ ಕಲಿತದ್ದು ಕರಗುತ್ತದೆ.

ತಿಂಡಿ ಅಲ್ಲದ ಸಂಬಳವೂ ಬೇಕಾದಷ್ಟಿದೆ. ‘ಹೋಂವರ್ಕ್ ಮುಗಿಸು, ಆಮೇಲೆ ಆಟ’ ಅಂತ ಮಕ್ಕಳಿಗೆ ಹೇಳುತ್ತೇವಲ್ಲ, ಡೇವಿಡ್ ಪ್ರೀಮ್ಯಾಕ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಇದನ್ನೇ 1959ರಲ್ಲಿ ಒಂದು ನಿಯಮವಾಗಿ ಬರೆದರು. ಇಷ್ಟದ ಕೆಲಸಕ್ಕೆ ದಾರಿ ಮಾಡಿಕೊಟ್ಟರೆ, ಅದಕ್ಕೂ ಮುಂಚಿನ ಕಡಿಮೆ ಇಷ್ಟದ ಕೆಲಸ ಗಟ್ಟಿಯಾಗುತ್ತದೆ. ಚುಕ್ಕಿಗೆ ಇಷ್ಟ ಏನು? ಗೇಟು ತೆರೆಯುವುದು, ಬೇಲಿಯ ಬುಡ ಮೂಸುವುದು, ಚೆಂಡು. ಗೇಟಿನ ಚಿಲಕಕ್ಕೆ ಕೈ ಇಟ್ಟು ‘ಸಿಟ್’ ಅನ್ನಿ. ಕೂತರೆ ಗೇಟು ತೆರೆಯುತ್ತದೆ, ಇಲ್ಲದಿದ್ದರೆ ಇಲ್ಲ. ಮೊದಲ ದಿನ ಎರಡು ನಿಮಿಷ ಕಾಯಬೇಕಾಗಬಹುದು, ಕಾಯಿರಿ. ಅಲ್ಲಿ ಬಿಸ್ಕತ್ತಿನ ನೆನಪೂ ಅವಳಿಗೆ ಬರುವುದಿಲ್ಲ.

ಏಟಿನ ಬಗ್ಗೆ ನನ್ನದೇ ಒಂದು ತಪ್ಪು ಹೇಳಬೇಕು. ನಮ್ಮ ಮನೆಯ ಕೆಂಚ ಮರಿಯಾಗಿದ್ದಾಗ ಚಪ್ಪಲಿ ಕಚ್ಚಿ ಹಾಳು ಮಾಡುತ್ತಿದ್ದ. ನಾನು ‘ಕೆಂಚಾ, ಬಾ ಇಲ್ಲಿ’ ಅಂತ ಕರೆದು, ಬಂದ ಮೇಲೆ ಚಪ್ಪಲಿ ತೋರಿಸಿ ಬೈದು, ಒಂದು ಪೆಟ್ಟೂ ಕೊಡುತ್ತಿದ್ದೆ. ಚಪ್ಪಲಿ ಕಚ್ಚುವುದು ನಿಲ್ಲಲಿಲ್ಲ. ನಿಂತದ್ದು ಬರುವುದು. ‘ಬಾ’ ಅಂದರೆ ಮಂಚದ ಕೆಳಗೆ ಹೋಗಿ ಮೂಲೆ ಸೇರುತ್ತಿದ್ದ, ಕಿವಿ ಹಿಂದಕ್ಕೆ ಮಡಚಿ, ಕಣ್ಣಿನ ಬಿಳಿ ಕಾಣುವ ಹಾಗೆ ನನ್ನನ್ನೇ ನೋಡುತ್ತಾ. ಆ ನೋಟ ನೆನಪಾದರೆ ಈಗಲೂ ಸಂಕಟವಾಗುತ್ತದೆ. ‘ಬಾ’ ಅನ್ನುವ ಪದವನ್ನೇ ಬಿಟ್ಟು, ‘ಇತ್ತ’ ಅನ್ನುವ ಹೊಸ ಪದವನ್ನು ಮೊದಲಿನಿಂದ ಕಲಿಸಬೇಕಾಯಿತು, ಮೂರು ತಿಂಗಳು ಹಿಡಿಯಿತು. ಆದ್ದರಿಂದ ಕರೆದಾಗ ಬಂದ ನಾಯಿಗೆ ಯಾವತ್ತೂ ಬೈಯಬೇಡಿ. ಸ್ನಾನ, ಮಾತ್ರೆ, ಉಗುರು ಕತ್ತರಿಸುವುದು ಇದ್ದರೆ ಕರೆಯಬೇಡಿ, ನೀವೇ ಹೋಗಿ ಕರೆತನ್ನಿ. ಅಮೆರಿಕದಲ್ಲಿ ಪ್ರಾಣಿಗಳ ವರ್ತನೆ ಅಧ್ಯಯನ ಮಾಡುವ ಪಶುವೈದ್ಯರ ಸಂಘ 2021ರಲ್ಲಿ ತನ್ನ ನಿಲುವು ಪ್ರಕಟಿಸಿತು: ಕಚ್ಚುವ ಸ್ವಭಾವದ ನಾಯಿಯೂ ಸೇರಿ ಎಲ್ಲ ನಾಯಿಗಳಿಗೂ ಬಹುಮಾನದಿಂದಲೇ ಕಲಿಸಬೇಕು ಅಂತ. ಪಕ್ಕದ ಮನೆಯವರಿಗೆ ಇದನ್ನು ಸಮಾಧಾನವಾಗಿ ಹೇಳಿ.

ಇನ್ನು ಮಗಳ ಶೇಕ್ ಹ್ಯಾಂಡ್. ಚುಕ್ಕಿಯನ್ನು ಕೂರಿಸಿ, ಒಂದು ತುಂಡನ್ನು ಮುಷ್ಟಿಯಲ್ಲಿ ಮುಚ್ಚಿ ಅವಳ ಎದೆಯ ಎತ್ತರಕ್ಕೆ ಹಿಡಿಯಲು ಮಗಳಿಗೆ ಹೇಳಿ. ಚುಕ್ಕಿ ಮೂಸುತ್ತಾಳೆ, ನೆಕ್ಕುತ್ತಾಳೆ, ಮೂಗಿನಿಂದ ತಳ್ಳುತ್ತಾಳೆ. ಏನೂ ಮಾಡದೆ ಕಾಯಲಿ. ಕೊನೆಗೆ ಮುಂಗಾಲಿನಿಂದ ಕೆರೆಯಲು ನೋಡುತ್ತಾಳೆ. ಕಾಲು ಒಂದು ಇಂಚು ಎದ್ದರೂ ಸಾಕು, ‘ಎಸ್’ ಅಂದು ಮುಷ್ಟಿ ಬಿಚ್ಚಿ ಕೊಡಲಿ. ಎಂಟು ಹತ್ತು ಸಲ ಆದಮೇಲೆ ಮುಷ್ಟಿಯ ಬದಲು ಖಾಲಿ ಅಂಗೈ ಚಾಚಲಿ, ತಿಂಡಿ ಇನ್ನೊಂದು ಕೈಯಿಂದ. ಕಾಲನ್ನು ಹಿಡಿದು ಎಳೆಯಬಾರದು, ಎಳೆದರೆ ನಾಯಿ ಹಿಂದಕ್ಕೇ ಜಗ್ಗುತ್ತದೆ. ಅಂಗೈ ಮೇಲೆ ಕಾಲಿಡುವುದು ಖಚಿತವಾದ ಮೇಲೆ ‘ಶೇಕ್ ಹ್ಯಾಂಡ್’ ಅನ್ನುವ ಮಾತು ಸೇರಿಸಿ. ಅಲ್ಲಿಂದ ಮುಂದೆ ಹೇಳಿದಾಗ ಕೊಟ್ಟ ಕೈಗೆ ಮಾತ್ರ ತಿಂಡಿ, ಇಲ್ಲದಿದ್ದರೆ ನೀವು ಊಟಕ್ಕೆ ಕೂತಾಗಲೆಲ್ಲ ತೊಡೆ ಮೇಲೆ ಒಂದು ಕಾಲು ಬಂದು ಕೂರುತ್ತದೆ.