ತಪ್ಪು ಆ ತುದಿಯದು

ಆನ್‌ಲೈನ್ ತರಗತಿ, ಸಭೆ, ಪಿಎಚ್‌.ಡಿ. ಮೌಖಿಕ ಪರೀಕ್ಷೆಗಳಿಗೆ ತಾಂತ್ರಿಕ ವ್ಯವಸ್ಥೆ ಮಾಡುವುದು ನನ್ನ ಕೆಲಸ. ಎಷ್ಟು ಸಲ ಹೇಳಿದರೂ ನಮ್ಮ ಪ್ರಾಧ್ಯಾಪಕರಿಗೆ ಒಗ್ಗದ ಮಾತೊಂದಿದೆ: ನಿಮ್ಮದೇ ದನಿ ನಿಮಗೆ ತಿರುಗಿ ಕೇಳಿಸುತ್ತಿದ್ದರೆ ದೋಷವಿರುವುದು ಎದುರಿನವರ ಕೋಣೆಯಲ್ಲಿ.

ಇನ್ನೊಮ್ಮೆ ಹೇಳುತ್ತೇನೆ. ಧಾರವಾಡದಲ್ಲಿ ಕುಳಿತವರ ಮಾತು ಮೈಸೂರಿನ ಸಭಾಂಗಣದ ಸ್ಪೀಕರ್‌ನಿಂದ ಹೊರಬೀಳುತ್ತದೆ. ಅಲ್ಲಿ ತೆರೆದಿಟ್ಟ ಮೈಕ್ ಅದನ್ನೇ ಹಿಡಿದು ಧಾರವಾಡಕ್ಕೆ ಮರಳಿಸುತ್ತದೆ. ಕಿರಿಕಿರಿಯೆಲ್ಲ ಧಾರವಾಡಕ್ಕೆ, ಮೈಸೂರಿಗೆ ಅದರ ಸುಳಿವೂ ಇಲ್ಲ. ಆದ್ದರಿಂದಲೇ ಮೈಸೂರಿನವರು ಅಷ್ಟು ಧೈರ್ಯವಾಗಿ "ನಮ್ಮಲ್ಲಿ ಎಲ್ಲ ಸರಿಯಿದೆ ಸರ್" ಎನ್ನುವುದು. ಸ್ವಂತ ಮಾತು ಸುಮಾರು 0.2 ಸೆಕೆಂಡ್ ತಡವಾಗಿ ಕಿವಿಗೆ ಬಿದ್ದರೆ ಎಂಥ ವಾಗ್ಮಿಯೂ ತೊದಲುತ್ತಾನೆ. ಪಾಪ, ಪಾಠಕ್ಕೆ ತಯಾರಾಗಿ ಬಂದಿಲ್ಲವೆಂದು ವಿದ್ಯಾರ್ಥಿಗಳು ಭಾವಿಸುತ್ತಾರೆ.

ಝೂಮ್, ಮೀಟ್‌ಗಳಲ್ಲಿ ಪ್ರತಿಧ್ವನಿ ಅಳಿಸುವ ವ್ಯವಸ್ಥೆ ಇದೆಯಲ್ಲ ಎನ್ನುತ್ತೀರಿ. ಇದೆ. ತಾನು ಸ್ಪೀಕರ್‌ಗೆ ಕಳಿಸಿದ ಸದ್ದು ಯಾವುದೆಂದು ಲ್ಯಾಪ್‌ಟಾಪ್‌ಗೆ ಗೊತ್ತು, ಮೈಕ್‌ನಿಂದ ಬಂದದ್ದರಲ್ಲಿ ಅದನ್ನು ಕಳೆಯುತ್ತದೆ. ಅದೇ ಕೋಣೆಯಲ್ಲಿ ಇನ್ನೊಬ್ಬರು ತಮ್ಮ ಲ್ಯಾಪ್‌ಟಾಪ್‌ನಲ್ಲೂ ಸಭೆಗೆ ಸೇರಿ ಸ್ಪೀಕರ್ ಹಾಕಿದರೆ ಆ ಸದ್ದಿನ ಲೆಕ್ಕ ಇದರ ಬಳಿ ಇರುವುದಿಲ್ಲ. ಸಭಾಂಗಣದ ಆಂಪ್ಲಿಫೈಯರ್ ಜೋರಾಗಿದ್ದರೂ ಲೆಕ್ಕ ತಪ್ಪುವುದುಂಟು.

ಎಲ್ಲ ಸಲವೂ ಹೀಗೇ ಎಂದು ನಾನು ಪ್ರಮಾಣ ಮಾಡಲಾರೆ. ಒಂದೇ ಸಭೆಗೆ ನೀವೇ ಫೋನಿನಲ್ಲೂ ಲ್ಯಾಪ್‌ಟಾಪ್‌ನಲ್ಲೂ ಸೇರಿಕೊಂಡಿದ್ದರೆ ಅಪರಾಧಿ ನೀವೇ. ಅನುಮಾನವಿದ್ದರೆ ಎದುರಿನವರು ಒಬ್ಬೊಬ್ಬರಾಗಿ ಮೈಕ್ ಮುಚ್ಚಲಿ, ಯಾರು ಮುಚ್ಚಿದಾಗ ಪ್ರತಿಧ್ವನಿ ನಿಂತಿತೋ ಅವರ ಕೋಣೆಗೆ ಹೋಗಿ ನೋಡಿ.

ಕಳೆದ ವರ್ಷ ಒಂದು ಮೌಖಿಕ ಪರೀಕ್ಷೆ. ಹೊರರಾಜ್ಯದ ಪರೀಕ್ಷಕರು ಪ್ರಶ್ನೆ ಕೇಳಲು ಬಾಯಿ ತೆರೆದಾಗಲೆಲ್ಲ ಅರ್ಧಕ್ಕೇ ನಿಲ್ಲುತ್ತಿದ್ದರು. ನಮ್ಮ ವಿಭಾಗದ ಮುಖ್ಯಸ್ಥರು ಅವರು ಮೂರು ಹೆಡ್‌ಫೋನ್ ಬದಲಾಯಿಸುವಂತೆ ಮಾಡಿದರು. ಸಂಶೋಧನಾ ವಿದ್ಯಾರ್ಥಿನಿ ಕಣ್ಣಂಚಿನಲ್ಲಿ ನೀರು ತುಂಬಿಕೊಂಡು ನಿಂತಿದ್ದಳು. ನಾನು ಹಿಂದಿನ ಸಾಲಿಗೆ ಹೋಗಿ, ಯಾರೋ ಸಭೆಗೆ ಸೇರಿಸಿ ಮರೆತಿದ್ದ ಲ್ಯಾಪ್‌ಟಾಪ್ ಮುಚ್ಚಿ ಬಂದೆ. ಪ್ರಶ್ನೆಗಳು ಸರಾಗವಾಗಿ ಹರಿದವು, ಹುಡುಗಿ ಚೆನ್ನಾಗಿಯೇ ಉತ್ತರಿಸಿದಳು.

ಪೇಡ ಹಂಚುವಾಗ ಮುಖ್ಯಸ್ಥರು ನನ್ನ ಹೆಗಲು ತಟ್ಟಿ ಹೇಳಿದರು: "ಕೊನೆಗೂ ಅವರ ಬಳಿ ಒಂದು ಒಳ್ಳೆಯ ಹೆಡ್‌ಫೋನ್ ಸಿಕ್ಕಿತು ನೋಡಿ."