ಟಾಟಾದವರು ತೆಗೆದುಕೊಂಡ ಮೇಲೂ ಏರ್ ಇಂಡಿಯಾ ‘ದೇಶದ ವಿಮಾನ’ವೇ?

ಪ್ರಶ್ನೆ: ಏರ್ ಇಂಡಿಯಾ ಟಾಟಾದವರ ಕೈಗೆ ಹೋಗಿ ವರ್ಷಗಳಾದವು. ಆದರೂ ಪೇಪರಿನವರು ಅದನ್ನು ರಾಷ್ಟ್ರೀಯ ವಿಮಾನ ಸಂಸ್ಥೆ ಎಂದೇ ಬರೆಯುತ್ತಾರೆ. ಸರ್ಕಾರದ್ದೇ ಅಲ್ಲದ ಮೇಲೆ ‘ರಾಷ್ಟ್ರೀಯ’ ಹೇಗಾಗುತ್ತದೆ?
– ಕಿನ್ನಿಗೋಳಿಯ ಓದುಗರೊಬ್ಬರು

ಉತ್ತರ: ಸರ್ಕಾರದ ಲೆಕ್ಕ 2022ರ ಜನವರಿ 27ಕ್ಕೆ ಚುಕ್ತಾ ಆಗಿದೆ. 18,000 ಕೋಟಿ ರೂಪಾಯಿಯ ವ್ಯವಹಾರ ಎಂದು ದೊಡ್ಡದಾಗಿ ಸುದ್ದಿಯಾಯಿತಲ್ಲ, ಅದರಲ್ಲಿ 15,300 ಕೋಟಿ ಹಳೆಯ ಸಾಲ ಹೊತ್ತುಕೊಂಡದ್ದು. ಸರ್ಕಾರದ ಕೈಗೆ ಬಂದ ನಗದು 2,700 ಕೋಟಿ. ಟಾಟಾದವರೂ ಸಿಂಗಾಪುರ ಏರ್‌ಲೈನ್ಸೂ ಕೂಡಿ ನಡೆಸುತ್ತಿದ್ದ ವಿಸ್ತಾರಾ ಕಂಪನಿ 2024ರ ನವೆಂಬರಿನಲ್ಲಿ ಬಂದು ಸೇರಿದ ಮೇಲೆ ಸಿಂಗಾಪುರ ಏರ್‌ಲೈನ್ಸ್‌ಗೂ ಶೇ. 25.1 ಪಾಲು ಉಂಟು. ಹಾಗಾಗಿ ‘ಸರ್ಕಾರಿ ವಿಮಾನ’ ಎಂದು ಯಾರಾದರೂ ಹೇಳಿದರೆ ನೀವು ಧೈರ್ಯವಾಗಿ ತಿದ್ದಬಹುದು.

‘ರಾಷ್ಟ್ರೀಯ’ ಎಂಬ ಮಾತು ಮಾತ್ರ ಬೇರೆ ಕಡೆಯಿಂದ ಬಂದದ್ದು. ಹಡಗುಗಳು ತಾವು ನೋಂದಣಿಯಾದ ದೇಶದ ಬಾವುಟ ಏರಿಸಿಕೊಂಡು ಹೋಗುತ್ತವೆ. ವಿಮಾನಕ್ಕೂ ಅದೇ ಕ್ರಮ. 1944ರ ಷಿಕಾಗೊ ಒಪ್ಪಂದದ ಪ್ರಕಾರ ವಿಮಾನ ಯಾವ ದೇಶದಲ್ಲಿ ನೋಂದಣಿಯಾಗಿದೆಯೋ ಆ ದೇಶದ ಪೌರತ್ವ ಅದಕ್ಕೆ. ಮಲ್ಪೆಯ ಬೋಟುಗಳ ಮೈಮೇಲೆ ನಂಬರ್ ಬರೆದಿರುತ್ತದಲ್ಲ, ಹಾಗೆ ಮಂಗಳೂರಿನ ಬಜ್ಪೆ ನಿಲ್ದಾಣದಲ್ಲಿ ನಿಂತ ವಿಮಾನದ ಹಿಂಭಾಗ ನೋಡಿ: ‘ವಿಟಿ’ ಎಂದು ಶುರುವಾಗುವ ಅಕ್ಷರಗಳು ಕಾಣುತ್ತವೆ. ಭಾರತದ ಗುರುತು ಅದು. ಏರ್ ಇಂಡಿಯಾದ್ದಕ್ಕೂ ವಿಟಿ, ಇಂಡಿಗೋದ್ದಕ್ಕೂ ವಿಟಿ.

ಈ ಗುರುತು ಬರೀ ಅಲಂಕಾರವಾಗಿದ್ದರೆ ಇಷ್ಟು ಬರೆಯುವ ಅಗತ್ಯ ಇರಲಿಲ್ಲ. ಒಂದು ದೇಶದ ವಿಮಾನ ಇನ್ನೊಂದು ದೇಶಕ್ಕೆ ತನ್ನ ಮನಸ್ಸು ಬಂದಂತೆ ದಿನವೂ ಹೋಗಿಬರುವ ಹಾಗಿಲ್ಲ. ಎರಡು ಸರ್ಕಾರಗಳು ಕೂತು ವಾರಕ್ಕೆ ಎಷ್ಟು ಸೀಟು, ಯಾವ ಯಾವ ಊರು ಎಂದು ಬರೆದುಕೊಳ್ಳುತ್ತವೆ. ದುಬೈ ಜೊತೆಗಿನ ಲೆಕ್ಕ ವಾರಕ್ಕೆ ಒಂದೊಂದು ಕಡೆಗೆ ಸುಮಾರು 66,000 ಸೀಟು. ಭಾರತದ ಪಾಲಿನ ಸೀಟುಗಳನ್ನು ಭಾರತದ ಕಂಪನಿಗಳಿಗೆ ನಮ್ಮ ಸರ್ಕಾರ ಹಂಚುತ್ತದೆ, ಅವು ದೇಶದ ಯಾವ ಅಂತರರಾಷ್ಟ್ರೀಯ ನಿಲ್ದಾಣದಿಂದಲಾದರೂ ಹಾರಬಹುದು. ಅಲ್ಲಿನ ಕಂಪನಿಗಳಿಗೆ ಮಾತ್ರ ಪಟ್ಟಿಯಲ್ಲಿರುವ ಊರುಗಳಷ್ಟೇ. ಆ ಪಟ್ಟಿಯಲ್ಲಿ ಮಂಗಳೂರು ಇಲ್ಲ. “ಎಮಿರೇಟ್ಸ್ ನಮ್ಮಲ್ಲಿಗೆ ಯಾಕೆ ಬರುವುದಿಲ್ಲ ಮಾರಾಯ್ರೆ?” ಎಂದು ಮದುವೆಮನೆಯಲ್ಲಿ ಎದ್ದೇಳುವ ಪ್ರಶ್ನೆಗೂ ಉತ್ತರ ಇಲ್ಲೇ ಉಂಟು. ರನ್‌ವೇಯನ್ನು ಬೈದು ಪ್ರಯೋಜನ ಇಲ್ಲ, ಕಾಗದದಲ್ಲೇ ನಮ್ಮ ಹೆಸರಿಲ್ಲ.

ಹಾಗಾದರೆ ಎಲ್ಲ ಭಾರತೀಯ ಕಂಪನಿಗಳೂ ಸಮಾನವಾಗಿದ್ದರೆ ಏರ್ ಇಂಡಿಯಾಕ್ಕೆ ಮಾತ್ರ ಆ ಹೆಸರು ಏಕೆ? ಇದಕ್ಕೆ ಉತ್ತರ ಹಳೆಯ ಕಥೆಯಲ್ಲಿದೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಪುಟ್ಟ ‘ಪುಸ್ ಮಾತ್’ ವಿಮಾನದಲ್ಲಿ ಅಂಚೆ ಚೀಲ ಇಟ್ಟುಕೊಂಡು ಕರಾಚಿಯಿಂದ ಅಹಮದಾಬಾದ್ ಮೂಲಕ ಮುಂಬೈಗೆ ಬಂದರು. ಅಲ್ಲಿಂದ ಮುಂದೆ ಅವರ ಜೊತೆಗಾರ ಪೈಲಟ್ ನೆವಿಲ್ ವಿಂಟ್ಸೆಂಟ್ ಆ ಅಂಚೆಯನ್ನು ಮದರಾಸಿಗೆ ಒಯ್ದದ್ದು ನಮ್ಮ ಬಳ್ಳಾರಿಯಲ್ಲಿ ಇಳಿದು. ಅಂದರೆ ಕಂಪನಿ ಹುಟ್ಟಿದ್ದೇ ಖಾಸಗಿಯಾಗಿ. 1946ರಲ್ಲಿ ಏರ್ ಇಂಡಿಯಾ ಎಂಬ ಹೆಸರು, 1948ರ ಜೂನ್ 8ರಂದು ‘ಮಲಬಾರ್ ಪ್ರಿನ್ಸೆಸ್’ ಎಂಬ ವಿಮಾನದಲ್ಲಿ ಲಂಡನ್‌ಗೆ ಮೊದಲ ಹಾರಾಟ. 1953ರಲ್ಲಿ ಸರ್ಕಾರ ವಿಮಾನ ಕಂಪನಿಗಳನ್ನೆಲ್ಲ ತನ್ನದಾಗಿಸಿಕೊಂಡಿತು. ಜೆ.ಆರ್.ಡಿ.ಗೆ ಇದು ಹಿಡಿಸಲಿಲ್ಲ. ಆದರೂ 1978ರ ತನಕ ಅವರೇ ಅಧ್ಯಕ್ಷರಾಗಿ ನಡೆಸಿದರು. ಈ ದೊಡ್ಡಸ್ತಿಕೆ ನನಗೆ ಇವತ್ತಿಗೂ ಬೆರಗು.

ಆಗ ಎರಡು ಭಾಗ ಆಯಿತು: ಹೊರದೇಶಕ್ಕೆ ಏರ್ ಇಂಡಿಯಾ, ದೇಶದೊಳಗೆ ಇಂಡಿಯನ್ ಏರ್‌ಲೈನ್ಸ್. ನಮ್ಮ ಹಿರಿಯರು ಬಜ್ಪೆಯಲ್ಲಿ ಕಂಡದ್ದು ಎರಡನೆಯದನ್ನು. ದುಬೈಗೆ ಹೋಗುವವರು ಬೊಂಬಾಯಿ ಬಸ್ಸು ಹತ್ತಬೇಕಿತ್ತು. ನನ್ನ ಸೋದರಮಾವ ಬಸ್ಸಿನ ಟಿಕೆಟನ್ನೂ ವಿಮಾನದ ಟಿಕೆಟನ್ನೂ ಒಂದೇ ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿ, ಅದನ್ನು ಅಂಗಿಯ ಒಳಜೇಬಿಗೆ ಸೇರಿಸಿ, ಜೇಬಿನ ಬಾಯಿಗೆ ಪಿನ್ನು ಚುಚ್ಚಿಕೊಳ್ಳುತ್ತಿದ್ದರು. ಬರುವಾಗ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆ, ಅದರ ನಾಲ್ಕೂ ಬದಿಗೆ ಮಾರ್ಕರಿನಲ್ಲಿ ಹೆಸರು ಮತ್ತು ‘ಮುಂಬೈ’. ಬಜ್ಪೆಯಲ್ಲಿ 1,615 ಮೀಟರಿನ ಹಳೆಯ ರನ್‌ವೇ ಜೊತೆಗೆ 2,450 ಮೀಟರಿನ ಹೊಸದು ಆಗಿ, 2006ರ ಅಕ್ಟೋಬರಿನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಇಲ್ಲಿಂದಲೇ ದುಬೈಗೆ ಹಾರಿದ ಮೇಲೆ ಆ ಪೆಟ್ಟಿಗೆಯ ಮೇಲಿನ ಊರು ಬದಲಾಯಿತು. (ಆ ದಾರಿ ಎಂದಾಗ, ದುಬೈಯಿಂದ ಬಂದ ವಿಮಾನ ಬಜ್ಪೆಯಲ್ಲಿ ದುರಂತಕ್ಕೀಡಾದ 2010ರ ಮೇ 22 ಇಲ್ಲಿ ಯಾರಿಗೂ ನೆನಪಾಗದೆ ಇರುವುದಿಲ್ಲ. ಅದನ್ನು ಹೀಗೆ ಎರಡು ಸಾಲಿನಲ್ಲಿ ಮುಗಿಸಲು ನನಗೆ ಮನಸ್ಸಿಲ್ಲ.)

ಆ ಹೊತ್ತಿಗೆ ‘ರಾಷ್ಟ್ರೀಯ’ ಎಂಬುದಕ್ಕೆ ನಿಜವಾದ ತೂಕ ಇತ್ತು. ಖಾಸಗಿ ಕಂಪನಿಗಳಿಗೆ ವಿದೇಶಕ್ಕೆ ಹಾರಲು ಅನುಮತಿ ಸಿಕ್ಕಿದ ಮೇಲೂ ಗಲ್ಫ್ ದಾರಿಯನ್ನು ಸರ್ಕಾರ ತನ್ನ ಕಂಪನಿಗಳಿಗೇ ಕಾದಿರಿಸಿತ್ತು. ಬೇರೆಯವರಿಗೆ ಅದು ತೆರೆದದ್ದು 2008ರಲ್ಲಿ. ಹೆಚ್ಚು ಜನ ಓಡಾಡುವ, ದುಡ್ಡು ಹುಟ್ಟುವ ದಾರಿ ಅದು, ಬಿಟ್ಟುಕೊಡಲು ಮನಸ್ಸು ಬರಲಿಲ್ಲ ಎಂದೇ ನನ್ನ ಅಂದಾಜು. ಈಗ ಇಂಡಿಗೋ ಕೂಡ ಮಂಗಳೂರಿನಿಂದ ದುಬೈಗೆ ಹಾರಿದೆ. ಮೀಸಲು ಹೋಯಿತು, ಹೆಸರು ಉಳಿಯಿತು.

ನಿಮ್ಮ ಪ್ರಶ್ನೆಯ ಒಳಗೆ ಇನ್ನೊಂದು ಪ್ರಶ್ನೆ ಇದ್ದಂತೆ ನನಗೆ ಕಂಡಿತು: ಕಷ್ಟ ಬಂದಾಗ ಕರೆತರುವವರು ಯಾರು? 1990ರಲ್ಲಿ ಇರಾಕ್ ಸೇನೆ ಕುವೈತಿಗೆ ನುಗ್ಗಿದಾಗ 1 ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಹೆಚ್ಚಾಗಿ ಅಮ್ಮಾನಿನಿಂದ ಊರಿಗೆ ತಂದದ್ದು ಏರ್ ಇಂಡಿಯಾ. ಕೊರೊನಾ ಕಾಲದಲ್ಲಿ, 2020ರ ಮೇ 12ರ ರಾತ್ರಿ, ದುಬೈಯಲ್ಲಿ ಸಿಕ್ಕಿಕೊಂಡವರನ್ನು ಹೊತ್ತು ಬಜ್ಪೆಗೆ ಇಳಿದದ್ದು ಏರ್ ಇಂಡಿಯಾ ಎಕ್ಸ್‌ಪ್ರೆಸ್. ಆಗಿನ್ನೂ ಅದು ಸರ್ಕಾರದ್ದು. ಕೈಬದಲಾದ ಒಂದೇ ತಿಂಗಳಲ್ಲಿ ಉಕ್ರೇನ್ ಯುದ್ಧ ಶುರುವಾಯಿತು. ಅಲ್ಲಿನ ನಮ್ಮ ವಿದ್ಯಾರ್ಥಿಗಳನ್ನು ಕರೆತರಲು ಟಾಟಾದವರ ವಿಮಾನ ಹೋಯಿತು, ಇಂಡಿಗೋ ಹೋಯಿತು, ಸ್ಪೈಸ್‌ಜೆಟ್ ಹೋಯಿತು, ವಾಯುಪಡೆಯ ದೊಡ್ಡ ಸಿ-17 ವಿಮಾನಗಳೂ ಹೋದವು. ಪ್ರಧಾನಿಯವರು ಹಾರುವ ಬೋಯಿಂಗ್ 777ಕ್ಕೆ ‘ಏರ್ ಇಂಡಿಯಾ ಒನ್’ ಎಂಬ ಹೆಸರು ಈಗಲೂ ಉಂಟು. ಅದನ್ನು ನಡೆಸುವವರು ಮಾತ್ರ ವಾಯುಪಡೆಯ ಪೈಲಟ್‌ಗಳು.